ಬಿಲ್ಡಿಂಗ್ ಹಿಂದಿನ ಮೂಲೆ

"ಅಯ್ಯೋ, ಅಲ್ಲಲ್ಲ! ಗೋಡೆ ಪಕ್ಕ ಅಂತ ಎಷ್ಟು ಸಲ ಹೇಳ್ಬೇಕು?"

ಬೆಂಚಿನ ಒಂದು ತುದಿ ಹಿಡಿದಿದ್ದ ಗುಂಡ ಅದನ್ನು ದಡಕ್ಕನೆ ಕೆಳಗಿಟ್ಟ. "ಅಲ್ಲಿ ಬಿಸಿಲು ಸುಡುತ್ತೆ ಕಣೇ. ಮರದ ಕೆಳಗಿಡೋಣ."

"ಪ್ಲಾನ್ ನಂದು. ಹೇಳಿದಷ್ಟು ಮಾಡು!"

"ಹಾಗಾದ್ರೆ ನೀನೇ ಹೊತ್ಕೋ." ಗುಂಡ ಕೈ ಕೊಡವಿ ಹೊರಟೇಬಿಟ್ಟ. ಬ್ರಷ್ ಹಿಡಿದಿದ್ದ ಚಿಕ್ಕವರೂ ಮುಖ ಮುಖ ನೋಡಿಕೊಂಡು ಅವನ ಹಿಂದೆಯೇ ಜಾರಿಕೊಂಡರು.

ಕೂಗಾಡಿದ ಹುಡುಗಿಯನ್ನು ಬಿಲ್ಡಿಂಗಿನವರೆಲ್ಲ ಪಟಾಕಿ ಅಂತಲೇ ಕರೆಯುತ್ತಿದ್ದರು. ಈಗ ಸಿಡಿಯೋಣ ಅಂದರೆ ಎದುರಿಗೆ ಯಾರೂ ಇರಲಿಲ್ಲ.

ಹೋದ ವಾರದವರೆಗೂ ಬಿಲ್ಡಿಂಗ್ ಹಿಂದಿನ ಆ ಮೂಲೆಯ ತುಂಬ ಒಡೆದ ಸಿಂಕು, ಹಳೇ ಟೈರು, ಕಸ. ಅಲ್ಲಿ ಎಲ್ಲರೂ ಕೂರುವಂಥ ಜಾಗ ಮಾಡ್ತೀವಿ ಎಂದು ಸೆಕ್ರೆಟರಿ ಅಂಕಲ್‌ರನ್ನು ಕಾಡಿ ಬೇಡಿ ಒಪ್ಪಿಸಿದ್ದಳು. "ಶನಿವಾರ ಸಂಜೆ ಬಂದು ನೋಡ್ತೀನಿ. ಆಗಿಲ್ಲ ಅಂದ್ರೆ ಸ್ಕೂಟರ್ ನಿಲ್ಸೋಕೆ ಬಿಟ್ಟುಬಿಡ್ತೀವಿ" ಎಂದಿದ್ದರು ಅವರು.

ಇವತ್ತೇ ಶನಿವಾರ. ಪಟಾಕಿ ಬೆಂಚನ್ನು ಒಬ್ಬಳೇ ಎಳೆದಳು. ಅದು ಮಿಸುಕಲಿಲ್ಲ.

ಅಷ್ಟರಲ್ಲಿ ಟಕ್, ಟಕ್ ಸದ್ದು. ಕೆಳಗಿನ ಮನೆಯ ಅಜ್ಜಿ ವಾಕರ್ ಊರಿಕೊಂಡು ಬಂದರು. ಮಕ್ಕಳು ಮೂಲೆಯ ಅಂಚಿಗೆ ಜೋಡಿಸಿದ್ದ, ಬಣ್ಣ ಬಳಿದ ಕಲ್ಲುಗಳ ಸಾಲಿನ ಮುಂದೆ ನಿಂತುಬಿಟ್ಟರು.

"ಚೆನ್ನಾಗಿದೆ ಪುಟ್ಟಾ. ಆದ್ರೆ ನಾನು ಒಳಗೆ ಬರೋದು ಹೇಗೆ?"

ಪಟಾಕಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೂ ಕಲ್ಲು. ಒಂದು ಸಂದಿಯೂ ಇಲ್ಲ.

"ನನಗೆ ಹೊಳೀಲೇ ಇಲ್ಲ ಅಜ್ಜಿ."

"ಕೇಳಿದ್ರೆ ಹೇಳ್ತಿದ್ದೆ" ಎಂದರು ಅಜ್ಜಿ.

ಅವಳು ನಡುವಿನ ಕಲ್ಲುಗಳನ್ನು ಎತ್ತಿ ದಾರಿ ಬಿಟ್ಟಳು. ಆಮೇಲೆ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಗುಂಡನ ಮನೆ ಬಾಗಿಲು ಬಡಿದಳು.

ಬಾಗಿಲು ಅರ್ಧ ತೆರೆಯಿತು. "ಏನು?"

"ಬೆಂಚು... ಮರದ ಕೆಳಗೆ ಎಲ್ಲಿಡೋದು? ನೀನೇ ತೋರಿಸು."

ಗುಂಡ ಬಾಗಿಲನ್ನು ಇನ್ನಷ್ಟು ತೆರೆದ. "ಮತ್ತೆ ಕೂಗಾಡಲ್ಲ ತಾನೇ?"

"ಕೂಗಿದ್ರೆ ಬಾಯಿಗೆ ಬ್ರಷ್ ತುರುಕು."

ಅವನು ಚಪ್ಪಲಿ ಮೆಟ್ಟಿಕೊಂಡ. ಚಿಕ್ಕವರನ್ನೂ ಕರೆತಂದ.

ಸೆಕ್ರೆಟರಿ ಅಂಕಲ್ ಬಂದಾಗ ಬೆಂಚು ಮರದ ಕೆಳಗೆ ಕೂತಿತ್ತು. ಗೋಡೆ ಮಾತ್ರ ಬಣ್ಣವಿಲ್ಲದೆ ಬೋಳಾಗಿಯೇ ಇತ್ತು.

"ಇನ್ನೂ ಮುಗಿದೇ ಇಲ್ವಲ್ಲ!" ಅವರು ಹುಬ್ಬು ಗಂಟಿಕ್ಕಿದರು.

"ಕೂರೋ ಜಾಗ ಮಾಡ್ತೀವಿ ಅಂತ ತಾನೇ ಮಕ್ಕಳು ಹೇಳಿದ್ದು?" ಬೆಂಚಿನ ಮೇಲಿಂದ ಅಜ್ಜಿ ಅಂದರು. "ನಾನು ಕೂತಿಲ್ವೇನಪ್ಪಾ?"

ಅಂಕಲ್‌ಗೆ ನಗು ತಡೆಯಲಾಗಲಿಲ್ಲ. "ಸರಿ, ಸ್ಕೂಟರ್ ಬೇರೆ ಕಡೆ ನಿಲ್ಸೋಣ. ಇಲ್ಲಿ ಲೀಡರ್ ಯಾರು?"

ಪಟಾಕಿಯ ಬಾಯಿ ತಾನಾಗಿಯೇ ತೆರೆಯಿತು. ತಟ್ಟನೆ ಮುಚ್ಚಿಕೊಂಡಳು.

"ಇವಳೇ ಅಂಕಲ್" ಎಂದ ಗುಂಡ. "ಆದ್ರೆ ಬೆಂಚಿನ ಐಡಿಯಾ ನಂದು."

"ಹೌದು, ಅವನದೇ" ಎಂದಳು ಅವಳು.

ಅಂಕಲ್ ಹೋದ ಮೇಲೆ ಅವಳು ಬಣ್ಣದ ಡಬ್ಬಿಗಳ ಮುಚ್ಚಳ ತೆಗೆದಳು. ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಗೋಡೆಗೆ ಯಾವ ಬಣ್ಣ ಹಚ್ಚೋಣ?" ಎಂದು ಕೇಳಿದಳು.

ಪುಟ್ಟಿ ಮೂಗು ಕೆರೆದುಕೊಂಡಳು. ಒಂದೊಂದೇ ಡಬ್ಬಿ ಬಗ್ಗಿ ನೋಡಿದಳು. ಮತ್ತೆ ಮೊದಲಿನ ಡಬ್ಬಿಗೆ ಬಂದಳು.

'ನೀಲಿ' ಎಂಬ ಮಾತು ಪಟಾಕಿಯ ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು, ಪುಟ್ಟಿಯ ಮುಖವನ್ನೇ ನೋಡುತ್ತಾ ಕಾದಳು.