ಹಿಂದಿನ ಗೋಡೆಗೆ ಒತ್ತಿಟ್ಟ ಡಬ್ಬಿಗಳು

ಬಾಗಿಲು ತೆರೆದವನು ಅವಳ ಮುಖ ನೋಡಲಿಲ್ಲ. ಕೈಯಲ್ಲಿದ್ದ ಖಾಲಿ ಸೂಟ್‌ಕೇಸ್ ನೋಡಿದ.

"ಅದ್ಯಾಕೆ?"

"ಉಳಿದ ಬಟ್ಟೆ ತಗೊಂಡು ಹೋಗೋಕೆ. ಅಕ್ಕ ಕೆಳಗೆ ಸ್ಕೂಟರ್‌ನಲ್ಲೇ ಕಾಯ್ತಿದ್ದಾಳೆ... ಏನಾಗಿದೆ ಫ್ರಿಜ್‌ಗೆ?"

ತನ್ನದೇ ಮನೆಯಲ್ಲಿ ಚಪ್ಪಲಿ ಎಲ್ಲಿ ಬಿಡಲಿ ಎಂದು ಅವಳು ಒಂದು ಕ್ಷಣ ತಡವರಿಸಿದಳು.

ಹೋದ ತಿಂಗಳ ಜಗಳ ಇನ್ನೂ ಕಿವಿಯಲ್ಲಿತ್ತು. ಗ್ಯಾಸ್ ಆರಿಸಿದ್ದೀರಾ ಎಂದು ಅವಳು ಮತ್ತೆ ಮತ್ತೆ ಕೇಳಿದ್ದಕ್ಕೆ ಗಂಡ ಸಿಡಿದಿದ್ದ. "ನಿನ್ನ ಜೊತೆ ಇರೋದು ಅಂದ್ರೆ ದಿನಾ ಪರೀಕ್ಷೆ ಬರೆದ ಹಾಗೆ!" ಆ ಮಾತು ನುಂಗಲಾರದೆ ಅಕ್ಕನ ಮನೆ ಸೇರಿದ್ದಳು. ಆಮೇಲೆ ಅವನ ಫೋನ್ ಬಂದದ್ದು ನಿನ್ನೆಯೇ. ಅದೂ ಫ್ರಿಜ್‌ಗಾಗಿ. 'ಇಟ್ಟಿದ್ದೆಲ್ಲ ಕಲ್ಲಾಗ್ತಿದೆ, ನೀನೊಮ್ಮೆ ಬಂದು ನೋಡು.'

ಪರೀಕ್ಷೆ ಮಾಡಲು ಮಾತ್ರ ನಾನು ಬೇಕೇ... ಎಂದುಕೊಳ್ಳುತ್ತ ಫ್ರಿಜ್ ತೆರೆದಳು.

ಟೊಮೆಟೊ ಗೋಲಿಯಂತೆ ಗಟ್ಟಿ. ಹಾಲಿನಲ್ಲಿ ಮಂಜಿನ ಚೂರು.

"ಕೂಲಿಂಗ್ ಕಮ್ಮಿ ಮಾಡಿ ನೋಡಿದ್ರಾ?"

"ನೋಡ್ದೆ. ಏನೂ ಆಗ್ಲಿಲ್ಲ."

ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದಳು. ಬಿಗಿಯಾಗಿಯೇ ಇತ್ತು. ಹಾಗಾದರೆ...

ಬಗ್ಗಿದಳು. ಫ್ರಿಜ್‌ನೊಳಗೆ ಹಿಂದಿನ ಗೋಡೆಗೆ ಒತ್ತಿಕೊಂಡು ಡಬ್ಬಿಯ ಮೇಲೆ ಡಬ್ಬಿ. ಒಂದೊಂದರಲ್ಲೂ ಒಬ್ಬರ ಊಟ.

ಒಬ್ಬನೇ ಇರುವವನಿಗೆ ಇಷ್ಟು ಅಡುಗೆ ಯಾಕೆ?

"ಊಟಕ್ಕೆ ಯಾರು ಬರ್ತಾರೆ?"

"ಯಾರೂ ಇಲ್ಲ."

"ಕಣ್ಣಿಗೆ ಮಣ್ಣೆರಚಬೇಡಿ. ಇದು ಇಬ್ಬರ ಅಡುಗೆ."

ಕೆಳಗಿನಿಂದ ಅಕ್ಕನ ಹಾರ್ನ್. ಅವಳು ಒಂದು ಮುಚ್ಚಳ ತೆಗೆದಳು. ಇನ್ನೊಂದು ತೆಗೆದಳು. ಮತ್ತೊಂದು...

ಯಾವುದರಲ್ಲೂ ಈರುಳ್ಳಿಯ ಎಸಳಿರಲಿಲ್ಲ. ಈರುಳ್ಳಿ ಇಲ್ಲದಿದ್ದರೆ ತುತ್ತು ಇಳಿಯದ ಮನುಷ್ಯ ಅವನು. ಅದು ಹೊಟ್ಟೆಗೆ ಆಗದಿರುವುದು ಅವಳಿಗೆ.

"ಅಕ್ಕಿ ಅಳೆಯುವಾಗ ಕೈ ತಾನಾಗೇ ಎರಡು ಲೋಟ ಹಾಕುತ್ತೆ," ಅವನು ನೆಲ ನೋಡುತ್ತ ಹೇಳಿದ. "ನಿನ್ನ ಪಾಲು ಎತ್ತಿಡ್ತೀನಿ. ಎಸೆಯೋಕೆ ಮನಸ್ಸು ಬರಲ್ಲ."

ಅವಳ ಕೈ ಡಬ್ಬಿಗಳನ್ನು ಒಂದೊಂದಾಗಿ ಈಚೆ ತೆಗೆಯಿತು.

"ತಣ್ಣನೆ ಗಾಳಿ ಬರೋ ಕಿಂಡಿ ಇಲ್ಲೇ ಇರೋದು. ಹೀಗೆ ಒತ್ತಿಟ್ರೆ ಗಾಳಿ ಓಡಾಡಲ್ಲ, ಹತ್ತಿರ ಇರೋದೆಲ್ಲ ಹೆಪ್ಪುಗಟ್ಟುತ್ತೆ. ಬೇಯಿಸಿದ್ದನ್ನ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ ಅಂತ ಎಷ್ಟು ಸಲ ಹೇಳಿದ್ದೆ?"

"ನೀನು ಹೇಳ್ತಿದ್ದೆ. ನೀನು ಹೋದ್ಮೇಲೆ ಹೇಳೋರೇ ಇರ್ಲಿಲ್ಲ." ಅವನ ದನಿ ಒಡೆಯಿತು. "ಗ್ಯಾಸ್ ಆರಿಸಿದ್ದೀನೋ ಇಲ್ವೋ ಅಂತ ಈಗ ನಾನೇ ಎದ್ದೆದ್ದು ನೋಡ್ತೀನಿ. ಯಾರೂ ಕೇಳದಿದ್ರೆ ಭಯ ಆಗುತ್ತೆ ಕಣೇ. ಅವತ್ತು ನಾನಾಡಿದ್ದು ತಪ್ಪು ಮಾತು... ಹೋಗಬೇಡ."

ಮತ್ತೆ ಹಾರ್ನ್. ಅವಳು ಕಿಟಕಿಯಿಂದ ಇಣುಕಿದಳು.

"ಅಕ್ಕಾ, ನೀನು ಹೊರಡು."

"ಇದನ್ನ ಹೇಳೋಕೆ ನನ್ನನ್ನ ಬಿಸಿಲಲ್ಲಿ ಇಷ್ಟು ಹೊತ್ತು ಬೇಯಿಸಿದ್ಯಾ? ಸೂಟ್‌ಕೇಸ್ ನಂದು, ನೆನಪಿರ್ಲಿ!"

ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗಿತು. ಅವಳು ತಿರುಗಿ ಒಲೆಯತ್ತ ನೋಡಿದಳು. ಕೇಳಲೋ ಬೇಡವೋ ಎಂದು ತುಟಿ ಕಚ್ಚಿಕೊಂಡಳು.

"ರೀ... ಗ್ಯಾಸ್ ಆರಿಸಿದ್ದೀರಾ?"

"ಆರಿಸಿದ್ದೀನಿ," ಎಂದ. ಆಮೇಲೆ ಅವಳ ತಣ್ಣಗಾದ ಬೆರಳುಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮೆಲ್ಲನೆ ಹೇಳಿದ. "ಇನ್ನೊಂದ್ಸಲ ಕೇಳು."