ಆರವ್‌ಗೆ ಯಾರೂ ಹೆಣ್ಣು ನೋಡಲಿಲ್ಲ

ಕಾಗದ ನೀಲಿಯೇ. ಹಸಿರಲ್ಲ. ಅಜ್ಜನಿಗೆ ಮರೆವು ಎಂದು ಈ ವಾಯ್ಸ್ ಮೆಸೇಜ್ ಕೇಳಿ ಕಿಸಕಿಸ ನಗುವವರು ಫೋನು ಕೆಳಗಿಟ್ಟು ಹೋಗಬಹುದು. ಬೆಳಿಗ್ಗೆ ಮಾತ್ರೆ ನುಂಗಿದೆನೋ ಇಲ್ಲವೋ ನನಗೆ ಮರೆತೀತು, ಕತೆ ಮರೆಯುವುದಿಲ್ಲ. ಕಾಗದ ನೀಲಿ, ಅದನ್ನು ಹಿಡಿದ ಸುರಕ್ಷಾಳ ಬೆರಳು ಒದ್ದೆ, ಅವಳ ಸರದಿಗೆ ಇನ್ನು ಇಬ್ಬರು ಮಾತ್ರ ಬಾಕಿ.

ಗುರುವಾಯನಕೆರೆಯ ಒಂದು ಶಾಲೆ, ಎಂಟನೇ ಕ್ಲಾಸು, ಶನಿವಾರದ ಕೊನೆಯ ಪೀರಿಯಡ್. ಕಮಲಾಕ್ಷ ಸರ್ ತಿಂಗಳಿಗೊಂದು ಪುಸ್ತಕ ಓದಿಸುತ್ತಿದ್ದರು. ಇಷ್ಟವಾದವರು ಕೆಂಪು ಕಾಗದದಲ್ಲಿ, ಇಷ್ಟವಾಗದವರು ನೀಲಿ ಕಾಗದದಲ್ಲಿ ಕಾರಣ ಬರೆದು ಎಲ್ಲರ ಮುಂದೆ ಓದಬೇಕು.

ಈ ಸಲದ ಪುಸ್ತಕವನ್ನು ಮಕ್ಕಳೇ ಹಟ ಹಿಡಿದು ತರಿಸಿದ್ದರು. ಹೆಸರು ‘ಹನ್ನೊಂದನೇ ಕಿಟಕಿ’. ರೀಲ್ಸ್ ತೆರೆದರೆ ಅದೇ, ಸ್ಟೇಟಸ್ ನೋಡಿದರೆ ಅದೇ. ಆರವ್ ಎಂಬ ಹುಡುಗ ಸತ್ತು ಇಪ್ಪತ್ತು ವರ್ಷವಾಗಿದೆ. ಪ್ರೇತವಾಗಿ ಒಂದು ಬಂಗಲೆಯಲ್ಲಿ ಸುತ್ತುತ್ತಾನೆ. ಅಲ್ಲಿಗೆ ಬಾಡಿಗೆಗೆ ಬಂದ ತಾರಾ ಎಂಬ ಹುಡುಗಿಯ ಕಿಟಕಿಯ ಹೊರಗೆ ನಿಂತು ಅವಳನ್ನು ಪ್ರೀತಿಸುತ್ತಾನೆ. ಇಷ್ಟಕ್ಕೆ ನಾನೂರು ಪುಟ.

ಉಜ್ವಲ್ ಎದ್ದು ಕೆಂಪು ಕಾಗದ ತೋರಿಸಿದ. “ಐದಕ್ಕೆ ಐದು ಸ್ಟಾರ್ ಸರ್.”

“ಎಷ್ಟು ಪುಟ ಓದಿದ್ದಿ?”

“ಮೊದಲಿನ ಹನ್ನೆರಡು, ಕೊನೆಯ ಎರಡು. ನಡುವೆ ಎಂತ ಆಗ್ತದೆ ಅಂತ ಹೇಗೂ ಗೊತ್ತಾಗ್ತದಲ್ಲ ಸರ್.”

ಲತೇಶನದು ನೀಲಿ. “ಆ ಪ್ರೇತಕ್ಕೆ ಹಣೆಯ ಕೂದಲು ಹಿಂದೆ ತಳ್ಳುವುದು ಬಿಟ್ರೆ ಬೇರೆ ಕೆಲಸ ಇಲ್ಲ ಸರ್. ನೂರು ಪುಟದಲ್ಲಿ ಇಪ್ಪತ್ತೊಂದು ಸಲ ತಳ್ಳಿದ್ದಾನೆ.”

“ನಿನಗೆ ಫೀಲಿಂಗ್ಸ್ ಇಲ್ಲ ಮಾರಾಯ,” ಎಂದಳು ಮುಂದಿನ ಬೆಂಚಿನ ನಿಖಿತಾ. “ನಾನು ಮೂರು ಸಲ ಅತ್ತಿದ್ದೇನೆ.”

“ಅದು ಬುಕ್ಕಿನ ರೇಟ್ ನೋಡಿ ಇರ್ಬೇಕು.”

ಕ್ಲಾಸು ನಕ್ಕಿತು. ನಿಖಿತಾ ನಗಲಿಲ್ಲ. ತಿರುಗಿ ಸುರಕ್ಷಾಳ ಕೈಯ ಕಾಗದ ನೋಡಿದಳು. ಬೆಳಿಗ್ಗೆ ಬಸ್ಸಿನಲ್ಲೇ ಅವಳು ಹೇಳಿಯಾಗಿತ್ತು: “ನೀನು ಎಂತ ಬೇಕಾದ್ರೂ ಬರಿ. ಆ ಮದುವೆಯ ವಿಷಯ ಮಾತ್ರ ಬೇಡ. ಹೇಳಿದ್ರೆ ನಾನು ನಿನ್ನ ಹತ್ರ ಮಾತಾಡುವುದಿಲ್ಲ.”

ಯಾವ ಮದುವೆ ಎಂದು ಹೇಳುತ್ತೇನೆ, ತಾಳಿ. ಸುರಕ್ಷಾಳ ಅಜ್ಜಿ ನೀಲಾವತಿಯವರ ಮೊದಲ ಮಗ ಎಂಟು ತಿಂಗಳ ಕೂಸಾಗಿದ್ದಾಗ ತೀರಿಹೋಗಿದ್ದ. ಬದುಕಿದ್ದರೆ ಸುರಕ್ಷಾಳಿಗೆ ದೊಡ್ಡಪ್ಪ. ಸತ್ತ ಮಗುವೂ ಕಣ್ಣಿಗೆ ಕಾಣದ ಹಾಗೆ ಬೆಳೆಯುತ್ತದೆ, ಪ್ರಾಯಕ್ಕೆ ಬಂದಾಗ ಮದುವೆ ಮಾಡಬೇಕು ಎಂದು ನಮ್ಮ ಕಡೆ ನಂಬಿಕೆ. ಕುಲೆ ಮದಿಮೆ ಎನ್ನುತ್ತಾರೆ, ಪ್ರೇತದ ಮದುವೆ. ಹೆಣ್ಣೂ ಹಾಗೆಯೇ ತೀರಿಹೋದವಳಾಗಿರಬೇಕು.

ಹೋದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಅಳದಂಗಡಿಯ ಒಂದು ಮನೆಯಲ್ಲಿ ಹೆಣ್ಣು ಸಿಕ್ಕಿತು. ಅವಳು ನಿಖಿತಾಳ ಅತ್ತೆ, ಅಪ್ಪನ ತಂಗಿ. ನಾಲ್ಕು ವರ್ಷಕ್ಕೇ ಜ್ವರ ಬಂದು ಹೋದವಳು. ಮದುವೆಯಾಗದವರು ಇದನ್ನು ನೋಡಬಾರದೆಂದು ಮದುವೆಯ ದಿನ ಈ ಹುಡುಗಿಯರಿಬ್ಬರನ್ನೂ ಪಕ್ಕದ ಮನೆಗೆ ಅಟ್ಟಿದ್ದರು. ಅಲ್ಲಿ ಟಿವಿಯ ಮುಂದೆ ಒಂದೇ ಬಟ್ಟಲಿನ ಚಕ್ಕುಲಿ ತಿಂದು ಫ್ರೆಂಡ್ಸ್ ಆದರು. ಅಪ್ಪನನ್ನು ದುಬೈಯಲ್ಲೇ ಬಿಟ್ಟು ಅಮ್ಮನ ಜೊತೆ ಆಗಷ್ಟೇ ಊರಿಗೆ ಬಂದಿದ್ದ ನಿಖಿತಾಳಿಗೆ ಇಲ್ಲಿ ಬೇರೆ ಫ್ರೆಂಡ್ ಯಾರೂ ಇರಲಿಲ್ಲ.

“ಸುರಕ್ಷಾ, ಓದು,” ಎಂದರು ಸರ್.

ಸುರಕ್ಷಾ ಎದ್ದಳು. ತಮ್ಮ ಮನೆಯ ವಿಷಯ ಒಂದಕ್ಷರವೂ ಬರೆದಿಲ್ಲ, ಬರೆದದ್ದೆಲ್ಲ ಆರವ್‌ನ ಮನೆಯದು ಎಂಬ ಧೈರ್ಯ ಅವಳಿಗೆ.

“ನನಗೆ ಈ ಪುಸ್ತಕ ಇಷ್ಟವಾಗಲಿಲ್ಲ. ಆರವ್‌ನ ಮನೆಯವರು ಸರಿಯಿಲ್ಲ. ಹುಡುಗ ಸತ್ತು ಇಪ್ಪತ್ತು ವರ್ಷವಾದರೂ ಅವನಿಗೆ ಯಾರೂ ಹೆಣ್ಣು ನೋಡಲಿಲ್ಲ. ಅದಕ್ಕೇ ಪಾಪ, ಅವನು ಬೇರೆಯವರ ಕಿಟಕಿಯಲ್ಲಿ ನಿಲ್ಲುವುದು.”

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು.

“ಪ್ರೇತಕ್ಕೆ ಹೆಣ್ಣು ನೋಡುವುದಾ? ಬಯೋಡೇಟದಲ್ಲಿ ಎಂತ ಬರೀತಿ?”

“ಜಾಬ್, ಕಿಟಕಿ ಕಾಯುವುದು.”

ಇಂಥ ಮದುವೆಯ ಸುದ್ದಿ ಕೆಲವರಿಗೆ ಗೊತ್ತಿತ್ತು. ಗೊತ್ತಿದ್ದವರೇ ಹೆಚ್ಚು ಜೋರಾಗಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಿಖಿತಾ ನಕ್ಕಳು. “ಅಂಥದ್ದೆಲ್ಲ ಈಗ ಯಾರ ಮನೆಯಲ್ಲಿ ಮಾಡ್ತಾರೆ? ಸೋ ಸಿಲ್ಲಿ.”

ಸುರಕ್ಷಾಳ ಕಿವಿ ಬಿಸಿಯಾಯಿತು. ‘ನಿನ್ನ ಮನೆಯಲ್ಲಿ.’ ಎರಡೇ ಶಬ್ದ. ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಹೇಳಿದರೆ ನಗುವೆಲ್ಲ ಆ ಬೆಂಚಿನ ಕಡೆ ತಿರುಗುತ್ತಿತ್ತು.

ಸರ್ ಡಸ್ಟರಿನಿಂದ ಮೇಜು ತಟ್ಟಿದರು. “ಸುರಕ್ಷಾ, ಇದು ನಿನಗೆ ಹೇಗೆ ತೋಚಿತು?”

“ನಮ್ಮ ಮನೆಯಲ್ಲಿ ಮಾಡಿದ್ದಾರೆ ಸರ್. ನನ್ನ ದೊಡ್ಡಪ್ಪನಿಗೆ.”

ನಗು ಅರ್ಧಕ್ಕೆ ನಿಂತಿತು. ಲತೇಶನಿಗೆ ಮಾತ್ರ ಕುತೂಹಲ ತಡೆಯಲಿಲ್ಲ. “ಹುಡುಗಿ ಎಲ್ಲಿಯದ್ದು?”

ನಿಖಿತಾಳ ಬೆನ್ನು ಗಟ್ಟಿಯಾಯಿತು. ಅವಳ ಮುಷ್ಟಿಯೊಳಗೆ ಕೆಂಪು ಕಾಗದ ಮುದುಡುತ್ತಿತ್ತು. ಸುರಕ್ಷಾ ಆ ಮುಷ್ಟಿಯನ್ನೇ ನೋಡಿದಳು. ಹೇಳಲೇ? ಬಾಯಿ ತೆರೆದಳು.

“ಒಳ್ಳೆಯ ಮನೆಯದ್ದು,” ಎಂದಳು. “ಅಜ್ಜಿಗೆ ಪಸಂದಾಗಿದೆ.”

“ಯಾವ ಊರು ಅಂತ ಕೇಳಿದ್ದು.”

“ಸಾಕು ಲತೇಶ,” ಎಂದರು ಸರ್. “ಅದು ಅವರ ಮನೆಯ ಸೊಸೆಯ ವಿಷಯ. ಕೂತುಕೋ.”

ಬೆಲ್ಲು ಹೊಡೆಯಿತು.

ನಾರಾವಿ ಬಸ್ಸಿನಲ್ಲಿ ಸುರಕ್ಷಾ ಹಿಂದಿನ ಸೀಟಿನಲ್ಲಿ ಕೂತಳು, ನಿಖಿತಾ ಮುಂದೆ ಡ್ರೈವರನ ಹತ್ತಿರ ನಿಂತಳು. ಸುರಕ್ಷಾ ಕಿಟಕಿಯ ಕಡೆ ಮುಖ ಮಾಡಿದಳು. ಇನ್ನು ಯಾವತ್ತೂ ಇವಳ ಹತ್ತಿರ ಕೂರುವುದಿಲ್ಲ ಎಂದು ಎರಡು ಸ್ಟಾಪ್ ದಾಟುವವರೆಗೂ ಅಂದುಕೊಳ್ಳುತ್ತಲೇ ಇದ್ದಳು.

ಮೂರನೇ ಸ್ಟಾಪಿನಲ್ಲಿ ಜನ ಇಳಿದಾಗ ಬ್ಯಾಗು ಎಳೆದುಕೊಂಡು ನಿಖಿತಾ ಬಂದಳು. ಸಾರಿ ಗೀರಿ ಏನೂ ಹೇಳಲಿಲ್ಲ. ಸೀಟಿನ ಕಂಬಿ ಹಿಡಿದು ನಿಂತು ಕೇಳಿದಳು:

“ಅವರಿಗೆ ಸೀರೆ ಯಾವ ಕಲರಿದ್ದು ತಂದಿದ್ರು?”

“ಯಾರಿಗೆ?”

“ಅತ್ತೆಗೆ.”

ಸುರಕ್ಷಾ ತಿರುಗಿದಳು. “ಅರಸಿನ ಬಣ್ಣದ್ದು. ಅಂಚು ಕೆಂಪು. ಬೆಳ್ತಂಗಡಿಯಲ್ಲಿ ಅಜ್ಜಿ ನನ್ನನ್ನು ಮೂರು ಅಂಗಡಿ ಸುತ್ತಿಸಿದ್ದಾರೆ ಮಾರಾಯ್ತಿ. ಹೊಸದಾಗಿ ಸೀರೆ ಉಡುವವಳು, ಭಾರ ಆಗಬಾರದು ಅಂತ ತೆಳ್ಳಗಿನದ್ದೇ ಬೇಕಂತೆ.”

“ನಮ್ಮಲ್ಲಿ ಅವರ ವಿಷಯ ಯಾರೂ ಮಾತಾಡುವುದಿಲ್ಲ,” ಎಂದಳು ನಿಖಿತಾ. “ನಾನು ಒಮ್ಮೆ ವಿಡಿಯೋ ಕಾಲಲ್ಲಿ ಕೇಳಿದ್ದಕ್ಕೆ ಅಪ್ಪ ಫೋನ್ ಇಟ್ಟುಬಿಟ್ರು. ನನಗೆ ಅವರ ಹೆಸರೂ ಗೊತ್ತಿಲ್ಲ.”

“ಕಾಂತಿ,” ಎಂದಳು ಸುರಕ್ಷಾ. “ಅಜ್ಜಿ ದಿನಾ ಹೇಳ್ತಾರೆ. ದೀಪ ಹಚ್ಚುವಾಗ, ಕಾಂತಿ, ಒಳಗೆ ಬಾ ಮಗಾ ಅಂತ.”

ನಿಖಿತಾ ಆ ಹೆಸರನ್ನು ಸದ್ದಿಲ್ಲದೆ ಒಮ್ಮೆ ಹೇಳಿ ನೋಡಿದಳು. ಅವಳ ತುಟಿ ಅಲುಗಿದ್ದನ್ನು ಸುರಕ್ಷಾ ಕಂಡಳು. ಫೋನ್ ಇಟ್ಟುಬಿಟ್ಟ ಅಪ್ಪನ ಮುಂದೆ ಇವಳು ಮತ್ತೆಂದೂ ಬಾಯಿ ತೆರೆದಿರಲಿಕ್ಕಿಲ್ಲ ಎಂದು ಸುರಕ್ಷಾಳಿಗೆ ಹೊಳೆಯಿತು. ಇಷ್ಟು ಹೊತ್ತು ಎದೆಯಲ್ಲಿ ಹಿಡಿದುಕೊಂಡಿದ್ದ ಸಿಟ್ಟು ಈಗ ಹುಡುಕಿದರೂ ಸಿಗಲಿಲ್ಲ.

ಬಸ್ಸು ನಿಂತಿತು. ಅದು ಸುರಕ್ಷಾಳ ಸ್ಟಾಪು.

“ಇಳಿಯುವುದಿಲ್ವಾ?” ಎಂದಳು ನಿಖಿತಾ.

“ಅಳದಂಗಡಿವರೆಗೆ ಬರ್ತೇನೆ,” ಎಂದು ಸುರಕ್ಷಾ ಬ್ಯಾಗನ್ನು ತೊಡೆಯ ಮೇಲೆ ಎತ್ತಿಟ್ಟು ಜಾಗ ಮಾಡಿದಳು. “ಕೂತುಕೋ. ಹೇಳ್ಲಿಕ್ಕೆ ಇನ್ನೂ ತುಂಬ ಉಂಟು.”

ಇಷ್ಟೇ. ಈ ವಾಯ್ಸ್ ಮೆಸೇಜನ್ನು ನಿಮ್ಮ ನಾಲ್ಕು ಗ್ರೂಪಿಗೆ ಕಳಿಸಿ, ಮಕ್ಕಳೇ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ, ಒಂದನ್ನು ಬಿಟ್ಟು. ತಿರುಗಿ ತಿರುಗಿ ದುಬೈಯ ಆ ಅಪ್ಪನ ಫೋನಿಗೂ ತಂಗಿಯ ಆ ಹೆಸರು ತಲುಪಲಿ.