ಮುದ್ದಮ್ಮನ ಪೆಟ್ಟಿಗೆಯಲ್ಲಿ ಸಿಕ್ಕ ಕಿರೀಟ

ಕಳುವಾದ ಬೆಳ್ಳಿ ಕಿರೀಟ ನಟಿ ಮುದ್ದಮ್ಮನ ಪೆಟ್ಟಿಗೆಯಲ್ಲೇ ಸಿಕ್ಕಿತು. ೧೯೩೬ರ ಒಂದು ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಅರಸೀಕೆರೆಯ ನಾಟಕದ ಡೇರೆಯಲ್ಲಿ ಹುಡುಕಾಟಕ್ಕೆ ಸಾಕ್ಷಿಯಾಗಿ ಬಂದು ಅದನ್ನು ಎತ್ತಿದ ಕೊಬ್ಬರಿ ವ್ಯಾಪಾರಿ ನಂಜಪ್ಪನ ಬೆರಳಿಗೆ ಹಸಿ ಗಂಧ ಅಂಟಿತು. ಅವನು ಅದನ್ನು ಪಂಚೆಗೆ ಒರೆಸಿಕೊಂಡ. ಪಾಪ, ಅವನ ಜೀವವೆಲ್ಲ ಮುದ್ದಮ್ಮನ ಮೇಲಿತ್ತು. ಅವಳ ಹಾಡಿಗೆಂದೇ ಹದಿನೇಳು ಆಟ ನೋಡಿದ್ದರೂ ಒಂದು ಮಾತಾಡುವ ಧೈರ್ಯ ಬಂದಿರಲಿಲ್ಲ.

"ನಿನ್ನೆ ಆಟ ಮುಗಿದಾಗ್ಲೇ ಕಿರೀಟ ಮಾಯ," ಎಂದ ನಾಟಕ ಕಂಪನಿಯ ಮಾಲೀಕ ರೇವಣಸಿದ್ದಪ್ಪ. "ಬೆಳಿಗ್ಗೆ ಅವಳು ಮಾದಿಹಳ್ಳಿ ಅಕ್ಕನ ಮನೆಗೆ ಓಡವ್ಳೆ. ಬಂದು ಕಾಲಿಗೆ ಬಿದ್ರೆ ಜೈಲು ತಪ್ಪಿಸ್ತೀನಿ."

ಊರಿನ ಎಂಥ ಗೋಜಲನ್ನೂ ಬಿಡಿಸುತ್ತಿದ್ದ ನಿವೃತ್ತ ದಫೇದಾರ ಕರಿಬಸವಯ್ಯನವರು ನಂಜಪ್ಪನ ಜೊತೆಗೇ ಬಂದಿದ್ದರು; ಗೆಳೆಯನ ಪಂಚೆಯನ್ನೇ ನೋಡಿದರು. "ಏನ್ಲಾ ನಂಜಪ್ಪ, ಮದುವೆಗೆ ಹೊಂಟಿದ್ದೀಯಾ?" ಎಂದು ಛೇಡಿಸಿ, ಸ್ತ್ರೀಪಾತ್ರ ಮಾಡುವ ನಟ ಕಲ್ಲೇಶಪ್ಪನನ್ನು ಪಕ್ಕಕ್ಕೆ ಕರೆದರು. "ಕಿರೀಟದ ಪೂಜೆ ಯಾವಾಗಪ್ಪ?"

"ಶುಕ್ರವಾರ ಎಂಟಕ್ಕೆ. ಮಾಲೀಕರೊಬ್ರೇ ತಮ್ಮ ಕೋಣೇಲಿ ಬಾಗಿಲು ಹಾಕ್ಕೊಂಡು ಗಂಧ ಹಚ್ಚಿ ಮಾಡ್ತಾರೆ. ನಾವ್ಯಾರೂ ಮುಟ್ಟಂಗಿಲ್ಲ."

ಕರಿಬಸವಯ್ಯನವರು ಮುದ್ದಮ್ಮನನ್ನು ಕರೆಸಿ, ಸಂಜೆ ಎಲ್ಲರನ್ನೂ ಡೇರೆಯಲ್ಲಿ ಕೂರಿಸಿದರು. ಪೊಲೀಸರೂ ಬಂದಿದ್ದರು.

"ಈಕೆ ಬಸ್ಸು ಹತ್ತಿದ್ದು ಬೆಳಿಗ್ಗೆ ಆರಕ್ಕೆ, ಕಂಡಕ್ಟರೇ ಹೇಳವ್ನೆ," ಎಂದರು ಕರಿಬಸವಯ್ಯ. "ಹತ್ತು ಗಂಟೇಲೂ ಕಿರೀಟದ ಗಂಧ ಇನ್ನೂ ಹಸಿ ಇತ್ತು. ಅಂದ್ರೆ ಎಂಟಕ್ಕೆ ಅದು ನಿಮ್ಮ ಕೈಲೇ ಇತ್ತು, ರೇವಣಸಿದ್ದಪ್ಪನವರೇ. ಪೂಜೆ ಮಾಡಿ, ಅವಳು ಬಿಟ್ಟುಹೋದ ಪೆಟ್ಟಿಗೇಲಿ ಇಟ್ರಿ. ಹೆಣ್ಣಿನ ಮೇಲೆ ಸುಳ್ಳು ಕಟ್ಟೋಕೆ ಅಂಜಲಿಲ್ಲ, ವಾರದ ಪೂಜೆ ಬಿಡೋಕೆ ಅಂಜಿದ್ರಿ."

ರೇವಣಸಿದ್ದಪ್ಪ ಡೇರೆಯ ಬಾಗಿಲ ಕಡೆ ಸರಿದ; ಪೊಲೀಸರು ಅಡ್ಡ ನಿಂತರು.

"ಯಾಕಮ್ಮ ಓಡಿಹೋದೆ?" ಎಂದು ಕರಿಬಸವಯ್ಯ ಮುದ್ದಮ್ಮನನ್ನು ಕೇಳಿದರು.

"ಕೋಣೆಗೆ ಬರದಿದ್ರೆ ಪಾತ್ರ ಇಲ್ಲ ಅಂದ್ರು," ಎಂದಳು ಮುದ್ದಮ್ಮ. "ನನಗಿಂತ ಮುಂಚೆ ಇಬ್ಬರು ಹೆಣ್ಮಕ್ಕಳು ಕಂಪನಿ ಬಿಟ್ಟು ಹೋದ್ರು. ಯಾಕೆ ಅಂತ ಒಬ್ರೂ ಕೇಳ್ನಿಲ್ಲ."

ಕಲ್ಲೇಶಪ್ಪ ತಲೆ ತಗ್ಗಿಸಿದ. ಪೊಲೀಸರು ಮಾಲೀಕನನ್ನು ಕರೆದೊಯ್ದರು. ಕಂಪನಿಯೂ ಅವತ್ತೇ ಮುಚ್ಚಿತು.

ನಂಜಪ್ಪ ಹೇಗೋ ಬಾಯಿಬಿಟ್ಟ. "ಇಲ್ಲೇ ಇದ್ಬಿಡಿ. ನಮ್ಮ ಮನೆ ಐತೆ."

ಮುದ್ದಮ್ಮ ಬರಿದಾದ ರಂಗದ ಕಡೆ ನೋಡುತ್ತಿದ್ದಳು. ಆ ನೋಟದಲ್ಲಿದ್ದ ಆಸೆಯನ್ನು ನಂಜಪ್ಪ ಗುರುತಿಸಿದ. ತಾನು ಅವಳನ್ನು ನೋಡುತ್ತಿದ್ದುದೂ ಹೀಗೆಯೇ.

"ಮನೆ ನಮ್ಮಕ್ಕಂದೂ ಐತೆ, ಅಣ್ಣ. ನನಗೆ ಬೇಕಾಗಿರೋದು ಹಾಡೋಕೆ ಜಾಗ. ನೀವು ಊರೂರು ತಿರುಗೋರು. ಮಾಲೀಕನ ಕೋಣೆ ದಾಟದೆ ಹೆಣ್ಣು ರಂಗ ಹತ್ತೋ ಕಂಪನಿ ಎಲ್ಲಾದ್ರೂ ಐತಾ, ಹೇಳಿ."

ಇಪ್ಪತ್ತು ವರ್ಷ ಕೊಬ್ಬರಿ ಮಾರುತ್ತ ತಿರುಗಿದ ನಂಜಪ್ಪನಿಗೆ ಒಂದು ಹೆಸರೂ ಹೊಳೆಯಲಿಲ್ಲ.